ಸುಧ ಕೇಳಿದ ಆರು ಪ್ರಶ್ನೆ

ಜೂನ್ 11, ಮಂಗಳವಾರ

ಪಾಂಡವಪುರದಿಂದ ಏಳರ ಬಸ್ಸು. ಮಂಡ್ಯ ಆಸ್ಪತ್ರೆ. ಚಿಕ್ಕ ಮಗಳು ಮೇಘನಳಿಗೆ ರಕ್ತ ಹಾಕಿಸುವ ದಿನ — ಮೂರು ವಾರಕ್ಕೊಮ್ಮೆ, ಆರು ವರ್ಷದಿಂದ. ಥಲಸ್ಸೀಮಿಯಾ. ಅವಳಿಗೀಗ ಏಳು. ಬಲಗೈಯಲ್ಲಿ ನರ ಸಿಗಲಿಲ್ಲ. ತಾನೇ ಎಡಗೈ ಚಾಚಿದಳು. "ಇಲ್ ಚುಚ್ಚಿ ಸಿಸ್ಟರ್, ಇಲ್ ಸಿಗ್ತದೆ."

ರಿಪೋರ್ಟ್ ಬಂದಿದೆ. ದೊಡ್ಡ ಮಗಳು ಪ್ರಿಯಾಂಕಳ ಅಸ್ಥಿಮಜ್ಜೆ ತಂಗಿಗೆ ಪೂರ್ತಿ ಹೊಂದುತ್ತದೆ. ಹಾಕಿಸಿದ ರಕ್ತದ ಕಬ್ಬಿಣ ಸೇರಿ ಲಿವರ್ ಕೆಡುವ ಮುಂಚೆ, ಈ ವರ್ಷವೇ ಕಸಿ ಮಾಡಿಸಿ ಅಂದರು ಡಾಕ್ಟರ್. ಬೆಂಗಳೂರಿನ ಎರಡು ಆಸ್ಪತ್ರೆಯ ಹೆಸರು ಬರೆದುಕೊಟ್ಟರು. ನೋಡಿಕೊಂಡು ಬಂದು ನೀವೇ ತೀರ್ಮಾನ ಮಾಡಿ ಅಂದರು.

ನಾವೇ ಅಂದರೆ ಯಾರು? ನಾನು ಲೈನ್‌ಮ್ಯಾನ್. ಹೆಂಡತಿ ಸುಧ ರವಿಕೆ ಹೊಲಿಯುವವಳು.

ಜೂನ್ 16, ಭಾನುವಾರ

ಸುಧ ರಕ್ತ ಹಾಕಿಸುವ ವಾರ್ಡಿನ ತಾಯಂದಿರಿಗೆಲ್ಲ ಫೋನ್ ಮಾಡಿದಳು. ಕೇಳಿದ್ದನ್ನೆಲ್ಲ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಆರು ಪ್ರಶ್ನೆ ಉಳಿಸಿದಳು. ಹೋದ ವರ್ಷ ಈ ಕಾಯಿಲೆಯ ಎಷ್ಟು ಮಕ್ಕಳಿಗೆ ಕಸಿ ಮಾಡಿದಿರಿ? ವರ್ಷ ಆದಮೇಲೆ ಎಷ್ಟು ಮಕ್ಕಳು ಚೆನ್ನಾಗಿದ್ದಾರೆ? ಮಕ್ಕಳಿಗೇ ಅಂತ ನರ್ಸುಗಳಿದ್ದಾರಾ? ಮನೆಗೆ ಹೋದಮೇಲೆ ಜ್ವರ ಬಂದರೆ ಫೋನ್ ಎತ್ತುವವರು ಯಾರು? ಕೊಡುವ ಮಗುವಿಗೆ ಏನಾಗುತ್ತದೆ? ಮಾಡಿಸಿಕೊಂಡ ಮನೆಯವರ ಜೊತೆ ಮಾತಾಡಬಹುದಾ?

ನನಗೆ ಒಂದೂ ಹೊಳೆದಿರಲಿಲ್ಲ.

ಜೂನ್ 24, ಸೋಮವಾರ

ಮೊದಲನೇ ಆಸ್ಪತ್ರೆ. ಎಂಟು ಮಹಡಿ. ಡಾಕ್ಟರ್ ಎದ್ದು ನಿಂತು ಕೈ ಕೊಟ್ಟರು. ಸುಧ ಪುಸ್ತಕ ತೆರೆದಳು. ಅವರು ನಕ್ಕರು.

"ಇದೆಲ್ಲ ನೀವು ತಲೆಗೆ ಹಚ್ಕೋಬೇಡಿ ಅಮ್ಮ. ರಿಸಲ್ಟ್ ತುಂಬಾ ಚೆನ್ನಾಗಿದೆ. ಏನೂ ಆಗಲ್ಲ."

"ಎಷ್ಟು ಮಕ್ಳಿಗೆ ಮಾಡಿದ್ರಿ ಸಾರ್?"

"ತುಂಬಾ."

ನನಗೆ ಸಮಾಧಾನವಾಯಿತು. ನಿಜ ಹೇಳಬೇಕು — ಆ ಮಾತು ಕೇಳಲೆಂದೇ ಹೋಗಿದ್ದೆ. ಸುಧ ಬಸ್ಸಿನಲ್ಲಿ ಆರೂ ಪ್ರಶ್ನೆ ಮತ್ತೆ ಓದಿಕೊಂಡಳು.

ಜೂನ್ 27, ಗುರುವಾರ

ಎರಡನೆಯದು. ಹಳೇ ಕಟ್ಟಡ. ಡಾಕ್ಟರ್ ರಂಜಿತ, ನಲವತ್ತರ ಆಸುಪಾಸು. ಪುಸ್ತಕ ಇಸಕೊಂಡು ತಾವೇ ಓದಿದರು.

"ಹೋದ ವರ್ಷ ಹನ್ನೊಂದು ಮಕ್ಕಳು. ಒಂಬತ್ತು ಜನ ಚೆನ್ನಾಗಿದಾರೆ. ಒಬ್ಬನಿಗೆ ಕಸಿ ಹಿಡೀಲಿಲ್ಲ, ಮತ್ತೆ ರಕ್ತ ಹಾಕ್ತಿದೀವಿ. ಒಂದು ಮಗು ತೀರ್ಕೊಂತು. ಸೋಂಕು. ನಮ್ಮ ಕೈಲಿ ಉಳಿಸೋಕೆ ಆಗಲಿಲ್ಲ."

ಉಳಿದದ್ದಕ್ಕೂ ಒಂದೊಂದಾಗಿ ಉತ್ತರ ಕೊಟ್ಟರು. ಪ್ರಿಯಾಂಕಳ ಸೊಂಟದ ಮೂಳೆಯಿಂದ ತೆಗೆಯುತ್ತಾರೆ. ಅರಿವಳಿಕೆ ಕೊಟ್ಟಿರುತ್ತಾರೆ. ವಾರ ನೋವಿರುತ್ತದೆ. ಆರನೆಯದಕ್ಕೆ ಎರಡು ನಂಬರ್ ಬರೆದರು. ಒಂದು, ಗುಣವಾದ ಮಗುವಿನ ಮನೆಯದು. ಇನ್ನೊಂದು —

"ತೀರ್ಕೊಂಡ ಮಗುವಿನ ತಂದೆ. ಯಾರಾದರೂ ಕೇಳಿದರೆ ಕೊಡಿ ಅಂತ ಅವರೇ ಹೇಳಿದಾರೆ."

ನಾನು ಆ ಚೀಟಿ ಮುಟ್ಟಲಿಲ್ಲ. ಸುಧ ತೆಗೆದುಕೊಂಡಳು.

ಜೂನ್ 28, ಶುಕ್ರವಾರ

ಜಗಳ.

"ಮೊದ್ಲನೇದೇ ಆಗ್ಲಿ ಸುಧ. ಅಲ್ಲಿ ಏನೂ ಆಗಲ್ಲ ಅಂದವ್ರೆ."

"ನೀವು ಕಂಬ ಅತ್ತೋವಾಗ ಯಾರೋ ಬಂದು ಕರೆಂಟಿಲ್ಲ ಅತ್ತು ಅಂದ್ರೆ ಅಂಗೇ ಅತ್ತ್‌ಬುಡ್ತೀರಾ? ಟೆಸ್ಟ್ ಮಾಡಲ್ವಾ?"

 ಆದರೂ ಹೇಳಿದೆ, ಎರಡನೆಯದರಲ್ಲಿ ಒಂದು ಮಗು ಸತ್ತಿದೆ ಅಂತ.

"ಎಲ್ಡನೇದ್ರಲ್ಲಿ ಸತ್ತಿದ್ದ ಏಳುದ್ರು. ಮೊದ್ಲನೇದ್ರಲ್ಲಿ ಏಳ್ನಿಲ್ಲ. ಅಷ್ಟೇಯ ವ್ಯತ್ಯಾಸ. ನಡೀರಿ, ಆ ಮಗಿನ್ ಮನೆಗೇ ಓಗನ."

ಜೂನ್ 30, ಭಾನುವಾರ

ನಾಗಮಂಗಲ ದಾಟಿ ಆರು ಕಿಲೋಮೀಟರ್. ಪುಟ್ಟಸ್ವಾಮಿ ಅಂತ, ರೈತರು. ಹೆಂಡತಿ ಗೌರಮ್ಮ. ಗೋಡೆಯ ಮೇಲೆ ಮಗಳು ಅಂಬಿಕಳ ಫೋಟೋ, ಸ್ಕೂಲ್ ಯೂನಿಫಾರಂನಲ್ಲಿ.  ಪುಟ್ಟಸ್ವಾಮಿಯವರೇ ಮಾತು ಶುರು ಮಾಡಿದರು.

"ನನ್ ಮಗಳ್ನ ಉಳಿಸ್ಕೊಡಕ್ಕೆ ಆಗ್ನಿಲ್ಲ ಕಣಪ್ಪ ಅವ್ರ ಕೈಲಿ. ಆದ್ರೆ ಒಂದಿನಾನೂ ಸುಳ್ಳೇಳ್ನಿಲ್ಲ. ಜ್ವರ ಬಂದಿದ್ ದಿನವೇ ನಮ್ಮನ್ನ ಕೂರುಸ್ಕೊಂಡು ಇದು ಕಷ್ಟ ಅಂದ್ರು. ಕೊನೇ ಎಲ್ಡು ದಿನ ಅವಳ ಪಕ್ಕದಲ್ಲೇ ಇರಕ್ಕೆ ಬುಟ್ರು. ಆ ಡಾಕ್ಟ್ರಮ್ಮ ಮನೆಗೇ ಓಗ್ನಿಲ್ಲ."

ಸುಧ ಕೇಳಿಯೇ ಬಿಟ್ಟಳು, ಮೆಲ್ಲಗೆ. "ಇನ್ನೊಂದ್ ಮಗು ಇದ್ದು, ಅದುಕ್ಕೂ ಇದೇ ಆಗಿದ್ರೆ... ಅಲ್ಲಿಗೇ ಕರ್ಕಂಡ್ ಓಗ್ತಿದ್ರಾ ಅಣ್ಣ?"

ಪುಟ್ಟಸ್ವಾಮಿ ಹೆಂಡತಿಯ ಮುಖ ನೋಡಿದರು. ಉತ್ತರ ಕೊಟ್ಟದ್ದು ಗೌರಮ್ಮ.

"ಅಲ್ಲಿಗೇ ಕಣವ್ವ."

ಆಮೇಲೆ ಸುಧಳನ್ನು ಒಳಗೆ ಕರೆದುಕೊಂಡು ಹೋಗಿ ಒಂದು ಗಂಟೆ ಹೇಳಿಕೊಟ್ಟರು. ಬಾಯಿ ಹುಣ್ಣಾದಾಗ ಏನು ಕೊಡಬೇಕು, ಕೂದಲು ಉದುರುವ ಮುಂಚೆ ಮಗುವಿಗೆ ಹೇಗೆ ಹೇಳಬೇಕು, ಆಸ್ಪತ್ರೆಯ ಹತ್ತಿರವೇ ಯಾಕೆ ಮನೆ ಹಿಡಿಯಬೇಕು. ತನ್ನ ಮಗಳಿಗೆ ಫಲಿಸದ ಉಪಚಾರವನ್ನೆಲ್ಲ ನನ್ನ ಮಗಳಿಗಾಗಿ ನೆನಪು ಮಾಡಿಕೊಂಡು ಹೇಳಿದರು. ಹೊರಗೆ ಜಗಲಿಯ ಮೇಲೆ ಕೂತು ಕೇಳಿಸಿಕೊಂಡೆ. ಇಂಥ ಹೆಂಗಸರ ಮುಂದೆ ನಾನು ಏನೂ ಅಲ್ಲ.

ತೀರ್ಮಾನವಾಯಿತು.

ಆಗಸ್ಟ್ 29, ಗುರುವಾರ

ಹತ್ತು ದಿನದಿಂದ ಮೇಘನ ಸೋಂಕು ತಾಗದ ಗಾಜಿನ ಕೋಣೆಯಲ್ಲಿ. ಜೊತೆಗೆ ಸುಧ. ಹಳೇ ಮಜ್ಜೆ ಖಾಲಿ ಮಾಡುವ ಕೀಮೋ ಮುಗಿದಿದೆ. ಇವತ್ತು ಪ್ರಿಯಾಂಕಳನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಹನ್ನೆರಡು ವರ್ಷ. ಭಯವಾ ಅಂದೆ.

"ಊಂ. ಆದ್ರೂ ಅವಳು ಎಷ್ಟ್ ಸತಿ ಚುಚ್ಚುಸ್ಕಂಡವ್ಳೆ ಅಪ್ಪಾ. ನಂದು ಒಂದೇ ದಿನ ತಾನೇ."

ಮಧ್ಯಾಹ್ನ ಮಜ್ಜೆಯ ಸಣ್ಣ ಚೀಲ ಬಂತು. ರಕ್ತದ ಹಾಗೇ ಕಾಣುತ್ತದೆ. ಮೇಘನಳ ನರಕ್ಕೆ ತೊಟ್ಟು ತೊಟ್ಟಾಗಿ ಇಳಿಯಿತು. ಪ್ರಿಯಾಂಕ ಎದ್ದು ಕೇಳಿದ ಮೊದಲ ಮಾತು, "ಸಾಕಾಯ್ತಾ?"

ಸೆಪ್ಟೆಂಬರ್ 8

ಬಾಯಿ ತುಂಬ ಹುಣ್ಣು. ನೀರೂ ಇಳಿಯುತ್ತಿಲ್ಲ. ಜ್ವರ 103. ಡಾಕ್ಟರ್ ರಂಜಿತ ಹೇಳಿದರು, "ಈ ವಾರ ಕಷ್ಟದ್ದು. ದಾಟಬಹುದು ಅನ್ಕೊಂಡಿದೀನಿ. ಖಂಡಿತ ಅಂತ ಹೇಳಲ್ಲ."

ಅಂಬಿಕಳ ಫೋಟೋ ಕಣ್ಣ ಮುಂದೆ. ಸುಧ ಗಾಜಿನ ಒಳಗಿಂದ ನನ್ನನ್ನು ನೋಡಿ ತಲೆಯಾಡಿಸಿದಳು. ಕೂತಿರಿ ಅಂತ. ಕೂತೆ.

ಸೆಪ್ಟೆಂಬರ್ 16, ಸೋಮವಾರ, ಸಂಜೆ 4

ಸೋಂಕಿನ ಜೊತೆ ಹೋರಾಡುವ ಬಿಳಿ ಕಣ ಮೂರು ದಿನ ಐನೂರರ ಮೇಲೆ ನಿಲ್ಲಬೇಕು ಅಂದಿದ್ದರು. ಮೊನ್ನೆ 540. ನಿನ್ನೆ 690. ಇವತ್ತು 910. ಜ್ವರ ಇಲ್ಲ.

"ಹಿಡಿದಿದೆ" ಅಂದರು ಡಾಕ್ಟರ್. ನೂರು ದಿನ ಬಹಳ ಎಚ್ಚರವಾಗಿರಬೇಕು ಅಂತಲೂ ಹೇಳಿದರು. ಸುಧ ಅದನ್ನೂ ಬರೆದುಕೊಂಡಳು. ಆಮೇಲೆ ಗೋಡೆಗೆ ಹಣೆ ಆನಿಸಿ ನಿಂತಳು. ಎಷ್ಟೋ ಹೊತ್ತು.

ನಾಗಮಂಗಲಕ್ಕೆ ಫೋನ್ ಮಾಡಿದೆ. ಪುಟ್ಟಸ್ವಾಮಿ "ಒಳ್ಳೇದಾಯ್ತು ಬುಡಪ್ಪ. ಇರು, ಅವಳ್ಗೆ ನೀನೇ ಏಳು" ಅಂದರು. ಗೌರಮ್ಮ ಬಂದರು. ಅಕ್ಕಾ, ಮೇಘನಳಿಗೆ ಹಿಡಿದಿದೆಯಂತೆ ಅಂದೆ.

"ಉಣ್ತಾವ್ಳಾ?"

ಅರ್ಧ ಇಡ್ಲಿ ತಿಂದಳು ಅಕ್ಕಾ, ಅಂದೆ. ಇಬ್ಬರೂ ಫೋನ್ ಇಡದೆ ಹಾಗೇ ಹಿಡಿದುಕೊಂಡಿದ್ದೆವು.