ಪಕ್ಕದ ಮನೆಯ ಗಂಡು ಹೂವು

ಮಂಗಳವಾರ, ಹನ್ನೆರಡನೇ ತಾರೀಕು.

ಪಕ್ಕದ ಮನೆ ನರ್ಸಮ್ಮನ ಬಳ್ಳಿಯಲ್ಲಿ ಒಂಬತ್ತು ಕುಂಬಳಕಾಯಿ. ನನ್ನದರಲ್ಲಿ ಬರೀ ಎಲೆ. ಈ ಬೀದಿಯಲ್ಲಿ ಮೊದಲು ತರಕಾರಿ ಹಾಕಿದವನು ನಾನು. ಈಗ ಬೀಜಕ್ಕೂ ಗೊಬ್ಬರಕ್ಕೂ ಎಲ್ಲರೂ ಅವಳ ಗೇಟಿಗೇ ಹೋಗುತ್ತಾರೆ. ನಮ್ಮವಳೂ ಬೆಳಿಗ್ಗೆ ಶುರು ಮಾಡಿದಳು. "ಕೈಗುಣ ಅಂದ್ರೆ ನರ್ಸಮ್ಮಂದು. ನೀವು ಗಿಡಕ್ಕೂ ಬೈತೀರ, ಅದೆಲ್ಲಿ ಕಾಯಿ ಬಿಡುತ್ತೆ?"

ಟೀ ಲೋಟ ಕುಕ್ಕಿ ಹಿತ್ತಿಲಿಗೆ ಹೋದೆ. ನನ್ನ ಬಳ್ಳಿಯಲ್ಲಿ ಒಂದು ಹೆಣ್ಣು ಹೂವು ಅರಳಿತ್ತು, ಗಂಡು ಹೂವು ಒಂದೂ ಇಲ್ಲ. ಗಂಡು ಹೂವು ಕಿತ್ತು ಹೆಣ್ಣಿಗೆ ಸವರಿದರೆ ಕಾಯಿ ಕಚ್ಚುತ್ತದೆಂದು ಕಲಿತದ್ದೂ ನರ್ಸಮ್ಮನನ್ನು ಕದ್ದು ನೋಡಿಯೇ. ಗಾರೆ ಕೆಲಸದ ಕಾಲದಲ್ಲಿ ನಾನೇ ಕಟ್ಟಿದ ಕಾಂಪೌಂಡು ಗೋಡೆ. ಅದರ ಮೇಲಿಂದ ಕೈ ಹಾಕಿ ಅವಳದೊಂದು ಹೂವು ಕಿತ್ತೆ.

"ಅಣ್ಣಾ, ಅದು ನಿನ್ನೆ ಅರಳಿದ್ದು, ಬಾಡಿದೆ. ಇದನ್ನ ತಗೊಳ್ಳಿ."

ಬಳ್ಳಿಯ ಹಿಂದೆಯೇ ಕೂತು ಕಳೆ ಕೀಳುತ್ತಿದ್ದಳು ಪುಣ್ಯಾತ್ಗಿತ್ತಿ. ತಾನೇ ಹೊಸದೊಂದು ಕಿತ್ತು ಕೈಗಿಟ್ಟಳು. "ಬಿಸಿಲೇರೋದ್ರೊಳಗೆ ಸವರಿಬಿಡಿ."

ಕಳ್ಳ ಅಂದಿದ್ದರೆ ನಾನೂ ನಾಲ್ಕು ಮಾತು ಬಿಸಾಕಿ ಹಗುರಾಗುತ್ತಿದ್ದೆ. ಹೂವು ತಂದು ಸವರಿದೆ.

ಕಾಯಿ ಕಚ್ಚಿದರೆ ನಮ್ಮವಳು ನನ್ನನ್ನು ಹೊಗಳುತ್ತಾಳೆ. ನರ್ಸಮ್ಮ ಪಕ್ಕದಲ್ಲೇ ನಿಂತಿದ್ದರೂ ಹೂವಿನ ಮಾತು ಎತ್ತುವುದಿಲ್ಲ. ಎತ್ತುವವಳಲ್ಲ ಅವಳು. ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಒಂಬತ್ತಲ್ಲ, ತೊಂಬತ್ತು ಕಾಯಿ ಬಿಡಲಿ, ತಡೆದುಕೊಂಡೇನು. ಈ ಒಳ್ಳೆತನ ಮಾತ್ರ ನನ್ನಿಂದ ತಡೆಯಲಾಗದು.