ಹತ್ತರಿಂದ ಐದರವರೆಗಿನ ಯುವಜನ ಕೇಂದ್ರ

ಚಿನ್ನಿ,

‘ಮಾನ್ಯ ಸದಸ್ಯೆಯವರಿಗೆ’ ಎಂದು ಶುರು ಮಾಡಿದ್ದೆ. ನನಗೇ ನಗು ಬಂದು ಹರಿದುಹಾಕಿದೆ. ನೀನು ನಗರಸಭೆಗೆ ಏನೇ ಆಗಿರು, ನನಗೆ ನನ್ನ ಸೆರಗು ಹಿಡಿದುಕೊಂಡು ಬೆಳೆದ ತಂಗಿ.

ನಿನ್ನ ಡ್ರೈವರ್ ಬಾಗಿಲಲ್ಲಿ ಕಾರು ನಿಲ್ಲಿಸಿಕೊಂಡು ಕಾಯುತ್ತಿದ್ದಾನೆ. ಪಾಪ, ಅವನದೇನು ತಪ್ಪು. ಆದರೆ ಅವನ ಜೊತೆ ನಿನ್ನ ಮಗಳು ಬರುವುದಿಲ್ಲ, ಈ ಕಾಗದ ಬರುತ್ತದೆ. ಅವಳು ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ. ಬಡಿಸಿದ ತಟ್ಟೆ ಹಾಗೇ ಇದೆ, ಕಾಲಿನ ಶೂ ಸಹ ಬಿಚ್ಚಿಲ್ಲ. ಏಟು ಬಿದ್ದಿಲ್ಲ, ಹೆದರಬೇಡ. ಠಾಣೆಯಿಂದ ನಾನೇ ಕೈ ಹಿಡಿದು ಎಳೆದುಕೊಂಡು ಬಂದೆ.

ಯಾಕೆ ಹಿಡಿದರು ಎಂದು ನೀನು ಫೋನಿನಲ್ಲಿ ಕೇಳಿದೆ. ಕೇಳುವುದಕ್ಕೆ ನಾಲಿಗೆ ಹೇಗೆ ಬಂತೋ! ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ನಾಲ್ಕು ಮಕ್ಕಳು ಕೂತು ಹಾಡು ಹಾಕಿಕೊಂಡಿದ್ದರು. ಸಂಜೆಯ ಮೇಲೆ ಬೀದಿಯಲ್ಲಿ ಹುಡುಗರು ಗುಂಪು ಸೇರಬಾರದು ಎಂದು ಮೂಲೆ ಮೂಲೆಗೆ ಬೋರ್ಡು ಹಾಕಿಸಿದವಳು ನೀನೇ. ನಿನ್ನ ಬೋರ್ಡಿನ ಕೆಳಗೇ ನಿನ್ನ ಮಗಳು ಸಿಕ್ಕಿದಳು, ಅಷ್ಟೇ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ಒಬ್ಬಳು, ಉಂಡವರು ಬೇರೆ.

ಮೊದಲು ಆ ಮಕ್ಕಳು ಎಲ್ಲಿ ಕೂರುತ್ತಿದ್ದರು, ನೆನಪಿದೆಯಾ? ನಗರಸಭೆಯ ಯುವಜನ ಕೇಂದ್ರದಲ್ಲಿ. ಅದಕ್ಕೂ ಮೊದಲು ಅಲ್ಲಿ ನಾವಿಬ್ಬರು ಕೂರುತ್ತಿದ್ದೆವು. ಅಪ್ಪನಿಗೆ ರಾತ್ರಿ ಪಾಳಿ, ನಮಗಿದ್ದದ್ದು ಒಂದೇ ಕೋಣೆ. ನಾವು ಶಾಲೆಯಿಂದ ಬಂದಾಗ ಅವರಿಗೆ ಇನ್ನೂ ನಿದ್ದೆ. ಚೀಲ ಒಳಗಿಟ್ಟು ಬೆಕ್ಕಿನ ಹಾಗೆ ಹೊರಗೆ ಜಾರುತ್ತಿದ್ದೆವು. ಆ ಹಾಲ್ ಇರದಿದ್ದರೆ ನಾವೂ ಬೀದಿಯೇ. ನಾನು ಅಲ್ಲಿ ಟೇಬಲ್ ಟೆನಿಸ್ ಕಲಿತೆ, ಮುಂದೆ ಅದನ್ನೇ ಕಲಿಸುವ ಕೆಲಸವೂ ಅಲ್ಲೇ ಸಿಕ್ಕಿತು. ನೀನು ಮಾತು ಕಲಿತೆ. ಹೆಸರು ಕೇಳಿದರೆ ನನ್ನ ಬೆನ್ನ ಹಿಂದೆ ಅಡಗುತ್ತಿದ್ದ ಹುಡುಗಿ, ಶನಿವಾರದ ಚರ್ಚಾಕೂಟದಲ್ಲಿ ಎದ್ದು ನಿಂತು ದೊಡ್ಡ ಹುಡುಗರ ಬಾಯಿ ಮುಚ್ಚಿಸಿದೆ. ಅವತ್ತು ನನಗಾದ ಹೆಮ್ಮೆ ನೀನು ಚುನಾವಣೆ ಗೆದ್ದಾಗಲೂ ಆಗಲಿಲ್ಲ.

ಅದೇ ಬಾಯಲ್ಲಿ ಆ ಹಾಲನ್ನು ಮುಚ್ಚಿಸಿದೆ. ಹತ್ತಿದ ಏಣಿಯನ್ನೇ ಒದೆಯುವವರ ಬಗ್ಗೆ ಕೇಳಿದ್ದೆ, ಮನೆಯಲ್ಲೇ ನೋಡುತ್ತೇನೆ ಅಂದುಕೊಂಡಿರಲಿಲ್ಲ.

ಎಷ್ಟು ಅಚ್ಚುಕಟ್ಟಾಗಿ ಮುಚ್ಚಿದಿರಿ ನೀವು ನಗರಸಭೆಯವರು! ಮೊದಲು ಕೇಂದ್ರಕ್ಕೆ ಕಚೇರಿ ವೇಳೆ ಹಚ್ಚಿದಿರಿ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆರೆ, ಸಂಜೆ ಐದಕ್ಕೆ ಬೀಗ ಹಾಕು, ಭಾನುವಾರ ರಜೆ. ಮಕ್ಕಳು ಶಾಲೆ ಕಾಲೇಜಿನಲ್ಲಿದ್ದಾಗ ನಾನು ಖಾಲಿ ಹಾಲಿನಲ್ಲಿ ಬ್ಯಾಟು ಒರೆಸುತ್ತಾ ಕೂತಿರುತ್ತಿದ್ದೆ. ಅವರು ಬಂದು ಬಾಗಿಲು ತಟ್ಟುವ ಹೊತ್ತಿಗೆ ಬೀಗ. ಆಮೇಲೆ ಯುವಜನರೇ ಬರುತ್ತಿಲ್ಲ ಎಂದು ವರದಿ. ಅವರಿಗೆ ಏನು ಬೇಕೆಂದು ಕೇಳಲು ಒಂದು ಸಭೆ, ಅದೂ ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಬಂದವರೆಲ್ಲ ಪಿಂಚಣಿದಾರರು. ಯುವಕರಿಗೆ ಬೇಕಾದದ್ದು ಶಿಸ್ತು ಎಂದು ಒಬ್ಬರು ಹೇಳಿದರು, ನೀನು ತಲೆದೂಗಿದೆ. ಈಗ ನನ್ನ ಹಾಲಿನಲ್ಲಿ ನಗರಸಭೆಯ ಮುರಿದ ಕುರ್ಚಿಗಳಿವೆ. ಅವಕ್ಕೆ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಪ್ರವೇಶ.

ನನ್ನ ಕೆಲಸ ಹೋದದ್ದಕ್ಕೆ ಅಳುತ್ತಿದ್ದೇನೆ ಅಂದುಕೊಳ್ಳಬೇಡ. ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಕೇಂದ್ರ ಮುಚ್ಚಿದ ಮೇಲೆ ಒಂದು ದಿನದ ಯುವ ಸಂಭ್ರಮ ಮಾಡಿದಿರಲ್ಲ, ಅಲ್ಲಿ ನಗರಸಭೆಗೆ ಧನ್ಯವಾದ ಹೇಳಲು ಒಬ್ಬ ಯುವತಿ ಬೇಕಾಗಿತ್ತು. ನಿನ್ನ ಮಗಳ ಕೈಗೆ ಬರೆದ ಮಾತು ಕೊಟ್ಟು ವೇದಿಕೆ ಹತ್ತಿಸಿದೆ. ಬೇಡಮ್ಮಾ ಅಂದಳಂತೆ. ನೀನು ಕೇಳಲಿಲ್ಲ. ಹಾಲ್ ಕಳೆದುಕೊಂಡ ಗೆಳೆಯರ ಎದುರೇ ಅವಳು ಅದನ್ನು ಓದಿದಳು. ಅವತ್ತಿನಿಂದ ಅವರು ಅವಳ ಜೊತೆ ಮಾತು ಬಿಟ್ಟಿದ್ದರು. ಇವತ್ತು ಮೊದಲ ಸಲ, ಬಾ ಕೂತ್ಕೋ ಅಂದರಂತೆ.

ಅಷ್ಟರಲ್ಲಿ ಜೀಪು ಬಂತು. ಅವಳು ಠಾಣೆಯಲ್ಲಿದ್ದಾಗ ಅಲ್ಲಿಗೆ ನಿನ್ನ ಫೋನು ಬಂತು. ಪೇದೆ ಎದ್ದು ನಿಂತು, ‘ಮೊದಲೇ ಹೇಳ್ಬಾರ್ದಿತ್ತೇನಮ್ಮಾ, ನೀನು ಹೊರಡು’ ಅಂದ. ಸುದ್ದಿ ಕೇಳಿ ಓಡಿಹೋಗಿದ್ದ ನಾನು ಆಗ ಅಲ್ಲೇ ಇದ್ದೆ. ಬೆಂಚಿನ ಮೇಲಿದ್ದ ಉಳಿದ ಮೂವರು ತಲೆಯೆತ್ತಿ ಅವಳನ್ನು ನೋಡಿದರು. ಆ ನೋಟ ನೀನು ನೋಡಬೇಕಿತ್ತು. ಅವಳು ಬೆಂಚು ಬಿಟ್ಟು ಏಳಲಿಲ್ಲ.

ದಾರಿಯುದ್ದಕ್ಕೂ ಅವಳು ನನಗೆ ಹೇಳಿದ್ದು ಒಂದೇ ಮಾತು. ‘ದೊಡ್ಡಮ್ಮಾ, ಅಮ್ಮ ನನ್ನೊಬ್ಬಳನ್ನೇ ಬಿಡಿಸಿದ್ಳು. ಅವರು ಮೂರು ಜನ ಮನೆಗೆ ಹೋಗೋವರೆಗೂ ನಾನು ಆ ಮನೆಗೆ ಹೋಗಲ್ಲ.’ ಆ ಮನೆ ಅಂದಳು ಚಿನ್ನಿ, ನಮ್ಮನೆ ಅನ್ನಲಿಲ್ಲ.

ಆ ಮಕ್ಕಳ ಅಪ್ಪ ಅಮ್ಮಂದಿರು ಠಾಣೆಯ ಜಗುಲಿಯ ಮೇಲೆ ಕೂತಿದ್ದಾರೆ. ಅವರಿಗೆ ಎದ್ದು ನಿಲ್ಲುವ ಪೇದೆಗಳಿಲ್ಲ. ಇನ್ನೊಂದು ಫೋನು ಮಾಡಿ ಮುಗಿಸಬೇಡ. ನೀನೇ ಹೋಗು, ಅವರ ಮುಂದೆ ನಡೆದು ಒಳಗೆ ಹೋಗು, ಮೂವರನ್ನೂ ಕರೆದುಕೊಂಡು ಹೊರಗೆ ಬಾ. ಆಮೇಲೆ ಇಲ್ಲಿಗೆ ಬಾ. ಬಾಗಿಲನ್ನು ನಾನು ತೆಗೆಯುತ್ತೇನೆ. ಅವಳು ನಿನ್ನ ಜೊತೆ ಬರುತ್ತಾಳೋ ಇಲ್ಲವೋ, ಅದು ನನ್ನ ಕೈಯಲ್ಲಿಲ್ಲ.

ಅಕ್ಕ ಅನ್ನಿಸಿಕೊಂಡ ಮೇಲೆ ಹರಸದೆ ಮುಗಿಸಬಾರದು. ನಿನಗೆ ಇದಕ್ಕಿಂತ ದೊಡ್ಡ ಕುರ್ಚಿ ಸಿಗಲಿ. ನಿನ್ನ ಮಗಳಿಗೆ ಈಗಿರುವ ಬುದ್ಧಿಯೇ ಕಡೆಯವರೆಗೂ ಇರಲಿ, ನಿನ್ನದು ಬಾರದಿರಲಿ.

ನಿನ್ನ ಅಕ್ಕ