ಕುಂಕುಮ ಹಚ್ಚಿದ ರಿಂಗು

ಭದ್ರಾವತಿ
9 ನವೆಂಬರ್ 2003, ಭಾನುವಾರ

ಮಗಳೇ ಸಮತಾ,

ನಿನ್ನವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಏಳಲಿಲ್ಲ, ಆ ಸಾಲು ಬಿಟ್ಟಿದ್ದೇನೆ. ಭದ್ರಾವತಿಯಲ್ಲಿ ಬಸ್ಸು ಹತ್ತಿದರೆ ಒಂದು ಕೋಳಿನಿದ್ದೆ ಮುಗಿಯುವಷ್ಟರಲ್ಲಿ ಶಿವಮೊಗ್ಗ ಬಂದಿರುತ್ತದೆ. ಅಷ್ಟು ಹತ್ತಿರದಲ್ಲಿರುವ ಮಗಳಿಗೆ ಅಂಚೆಯಲ್ಲಿ ಕಾಗದ ಹಾಕುವ ಹಣೆಬರಹ ನನ್ನದು. ಗಾಳಿಕಂಬಕ್ಕೆ ಅನುಮತಿ ಕೊಡಬೇಕೋ ಬೇಡವೋ ಎಂದು ನೋಡುವ ಕಮಿಟಿಯ ಕೆಲಸ ಮುಗಿಯುವ ತನಕ ಮನೆಗೆ ಹೋಗಬೇಡಿ ಎಂದು ನಿಮ್ಮ ಅಧ್ಯಕ್ಷರು ಹೇಳಿದ್ದಾರೆ ಎಂದು ನೀನು ಅಂದೆ. ನಾನು ಒಪ್ಪಿಕೊಂಡೆ. ಗೌರಿ ಹಬ್ಬಕ್ಕೂ ನೀನು ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ನಿನ್ನ ರವೀಂದ್ರನಗರದ ಮನೆ ಓನರಿಗೆ ಫೋನ್ ಮಾಡಿದರೆ ಮೇಡಂ ಕಾಲೇಜಿನಿಂದ ಬಂದಿಲ್ಲ ಎನ್ನುತ್ತಾರೆ, ಹಿಂದಿನಿಂದ ನಿನ್ನ ಕೆಮ್ಮು ಕೇಳಿಸುತ್ತದೆ. ಕಾಗದ ಓದಬಾರದು ಎಂದೇನೂ ನಿಮ್ಮ ಅಧ್ಯಕ್ಷರು ಹೇಳಿಲ್ಲವಲ್ಲ ಮಾರಾಯ್ತಿ. ಓದು.

ಪೇಪರಿನಲ್ಲಿ ಬಂದ ಫೋಟೋವನ್ನು ನೀನೂ ನೋಡಿರುತ್ತೀಯ. ಸಮುದ್ರದ ದಂಡೆ, ಮರಳಿನಲ್ಲಿ ನಿಲ್ಲಿಸಿದ ಎದೆಯೆತ್ತರದ ಕಬ್ಬಿಣದ ರಿಂಗು, ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತ ನಿಮ್ಮಪ್ಪ. ಅದರ ಮೇಲೆ ದಪ್ಪಕ್ಷರದಲ್ಲಿ ‘ಅನುಮತಿಗೆ ಮೊದಲೇ ಕಾಮಗಾರಿ ಶುರು’. ಸಮುದ್ರದೊಳಗೆ ಕಂಬ ನೆಟ್ಟು ಗಾಳಿಯಿಂದ ಕರೆಂಟು ತೆಗೆಯುತ್ತೇವೆ ಎಂದು ಬಂದ ಕಂಪನಿಯವರು ಮಾರನೇ ದಿನವೇ ಕೈ ತೊಳೆದುಕೊಂಡರು. ನಿಮ್ಮಪ್ಪನ ಹೆಸರು ಹಿಡಿದು, ಆ ಕೆಂಚಪ್ಪ ಯಾರೋ ನಮಗೆ ಗೊತ್ತಿಲ್ಲ ಎಂದು ಹೇಳಿಕೆ ಕೊಟ್ಟರು. ನಮ್ಮ ಮನೆಯ ಚಾಪೆಯ ಮೇಲೆ ಕೂತು ಚಿತ್ರಾನ್ನ ತಿಂದು ಹೋದವರು ಅವರೇ. ಈಗ ಘಟ್ಟದ ಕೆಳಗಿನ ಪೊಲೀಸರ ಕಡೆಯಿಂದ ನಿಮ್ಮಪ್ಪನ ಹೆಸರಿಗೆ ನೋಟೀಸು ಬಂದಿದೆ.

ನಡೆದದ್ದು ಏನು ಎಂದು ಹೇಳುತ್ತೇನೆ. ಕಾರ್ಖಾನೆ ಬಿಟ್ಟವರೆಲ್ಲ ಸೇರಿ ಹಾಕಿದ ನಮ್ಮ ಬೆಸುಗೆ ಶೆಡ್ಡಿಗೆ ಒಂದು ವರ್ಷದಿಂದ ಸರಿಯಾದ ಕೆಲಸವಿಲ್ಲ. ಕಿಟಕಿಯ ಗ್ರಿಲ್ಲು, ಟ್ರಾಕ್ಟರ್ ಟ್ರೈಲರ್ ರಿಪೇರಿ, ಅಷ್ಟೇ. ಸರ್ಕಾರ ಒಪ್ಪಿದರೆ ಕಂಬಗಳ ಬುಡದ ರಿಂಗುಗಳನ್ನು ನಿಮ್ಮಲ್ಲೇ ಮಾಡಿಸುತ್ತೇವೆ, ಮೊದಲು ಒಂದು ಮಾದರಿ ಮಾಡಿ ತೋರಿಸಿ ಎಂದು ಕಂಪನಿಯವರು ಹೇಳಿದ ದಿನ ನಿಮ್ಮಪ್ಪ ನಡೆದು ಬಂದದ್ದನ್ನು ನೀನು ನೋಡಬೇಕಿತ್ತು. ಎರಡು ಮೂರು ವರ್ಷಕ್ಕೆ ಸಾಕಾಗುವಷ್ಟು ಕೆಲಸ ಎಂದು ಬೀದಿಯಲ್ಲೇ ಕೂಗಿ ಹೇಳಿದರು. ಮಾದರಿಗೆಂದು ಮಾಡಿದ ಆ ರಿಂಗಿನ ಬೆಸುಗೆಯನ್ನು ಶೆಡ್ಡಿನ ಆರ್ಮುಗಂ ಸವರಿ ಸವರಿ ನೋಡುತ್ತಿದ್ದ. ಅವನ ಹೆಂಡತಿಗೆ ನಗು ಬರುತ್ತಿತ್ತು.

ಘಟ್ಟದ ಕೆಳಗೆ ಕಡಲ ದಂಡೆಯ ಊರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ, ಯಾರು ಬೇಕಾದರೂ ಬಂದು ಮಾತಾಡಬಹುದು ಎಂದು ಪೇಪರಿನಲ್ಲಿ ಬಂತಲ್ಲ, ಶೆಡ್ಡಿನವರೆಲ್ಲ ಒಂದು ಟೆಂಪೋ ಮಾಡಿಕೊಂಡು ಘಟ್ಟ ಇಳಿದರು. ರಿಂಗನ್ನೂ ಹೇರಿಕೊಂಡರು. ನಾನೂ ಹೋಗಿದ್ದೆ. ಅಲ್ಲಿ ಮೀನುಗಾರರ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಕಂಬ ನೆಟ್ಟರೆ ನಮ್ಮ ಬಲೆ ಎಲ್ಲಿ ಬಿಡುವುದು ಎಂದು ಕೇಳಿದರು. ಅವರು ಕೇಳಿದ್ದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಅವರಾದ ಮೇಲೆ ನಿಮ್ಮಪ್ಪ ಎದ್ದು, ನಮಗೂ ಕೈಕೆಲಸ ಬಿಟ್ಟರೆ ಬೇರೆ ಗತಿ ಇಲ್ಲ ಎಂದರು. ಯಾರೂ ಜಗಳ ಆಡಲಿಲ್ಲ. ಒಬ್ಬ ಹೆಂಗಸು ನನಗೆ ಕುಡಿಯಲು ನೀರು ಕೊಟ್ಟಳು.

ಆಮೇಲೆ ದಂಡೆಗೆ ಹೋದೆವು. ನಮ್ಮ ಶೆಡ್ಡಿನ ಪದ್ಧತಿ ನಿನಗೆ ಗೊತ್ತೇ ಇದೆ. ಯಾವ ಹೊಸ ಕೆಲಸವಾದರೂ ಮೊದಲ ತುಂಡನ್ನು ಅದು ನಿಲ್ಲಬೇಕಾದ ಜಾಗಕ್ಕೆ ಒಯ್ದು, ನಾಲ್ಕು ಗುದ್ದಲಿ ಮಣ್ಣು ತೆಗೆದು ನಿಲ್ಲಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಕಿತ್ತು, ಗುಂಡಿ ಮುಚ್ಚಿ, ಎತ್ತಿಕೊಂಡು ಬರುವುದು. ನೀನು ಪಾಠ ಹೇಳುವ ಕಾಲೇಜಿನ ಸೈಕಲ್ ಸ್ಟ್ಯಾಂಡಿಗೂ ಹಾಗೇ ಮಾಡಿದ್ದರು. ನಿಂಬೆಹಣ್ಣು ಕಟ್ಟಿದ ಪೈಪು ಹೊತ್ತುಕೊಂಡು ಅಪ್ಪ ಬಂದರು ಎಂದು ನೀನು ಸ್ಟಾಫ್ ರೂಮಿನೊಳಗೆ ಸೇರಿಕೊಂಡೆಯಂತೆ. ಇಲ್ಲೂ ಅಷ್ಟೇ ಮಾಡಿದ್ದು. ನೀರಿನೊಳಗೆ ನಿಲ್ಲಿಸಲು ಆಗುವುದಿಲ್ಲವಲ್ಲ ಎಂದು ದಂಡೆಯಲ್ಲಿ ನಿಲ್ಲಿಸಿದರು. ಮಂಗಳಾರತಿ ಮಾಡಿ, ರಿಂಗು ಕಿತ್ತು ಟೆಂಪೋಗೆ ಹಾಕಿಕೊಂಡು, ಹೊತ್ತು ಮುಳುಗುವ ಮೊದಲೇ ಅಲ್ಲಿಂದ ಹೊರಟೆವು. ಫೋಟೋ ತೆಗೆದವನು ನಿಲ್ಲಿಸಿದ್ದನ್ನು ತೆಗೆದ, ಕಿತ್ತದ್ದನ್ನು ತೆಗೆಯಲಿಲ್ಲ.

ಅನುಮತಿಗೆ ಮೊದಲೇ ಗುದ್ದಲಿ ಹಾಕಿದರೆ ಕಂಪನಿಯ ಅರ್ಜಿಯೇ ಬಿದ್ದುಹೋಗುತ್ತದಂತೆ. ಹಾಗೆಂದು ಶೆಡ್ಡಿನ ಯೋಗರಾಜ್ ಒಬ್ಬ ವಕೀಲರನ್ನು ಕೇಳಿಕೊಂಡು ಬಂದು ಹೇಳಿದ. ಅದನ್ನು ಕೇಳಿದ ದಿನದಿಂದ ನಿಮ್ಮಪ್ಪ ತಟ್ಟೆಯ ಮುಂದೆ ಕೂರುತ್ತಾರೆ, ಅನ್ನ ಕಲಸುತ್ತಾರೆ, ಎದ್ದುಹೋಗುತ್ತಾರೆ. ಯಾರೂ ಅವರನ್ನು ಒಂದು ಮಾತು ಅಂದಿಲ್ಲ, ಅದನ್ನೇ ಅವರಿಗೆ ತಡೆಯಲಾಗುತ್ತಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದರು. ಪ್ಲೇಟು ಬಗ್ಗಿಸುವ ಮಿಷನ್ನನ್ನು ಗುಜರಿಗೆ ಹಾಕೋಣವೇ ಎಂದು ಶೆಡ್ಡಿನಲ್ಲಿ ಮಾತು ಶುರುವಾಗಿದೆ. ಮೊನ್ನೆ ನಿಮ್ಮಪ್ಪ ನನಗೆ ಹೇಳಿದ್ದು ಒಂದೇ ಮಾತು.

“ಎಲ್ರ ಬಾಯಿಗೂ ನಾನೇ ಮಣ್ಣು ಹಾಕ್ದೆ ಕಣೇ ದುರ್ಗಿ. ಗುದ್ದಲಿ ನನ್ ಕೈಲಿತ್ತು.”

ಶುಕ್ರವಾರ ನಿಮ್ಮ ಕಮಿಟಿ ಕೂರುತ್ತದಂತೆ. ಅನುಮತಿ ಕೊಡಿಸು ಎಂದು ನಾನು ಕೇಳುವುದಿಲ್ಲ, ಅದು ನಿನ್ನ ಓದಿಗೆ ಬಿಟ್ಟದ್ದು. ಅದು ಪೂಜೆ, ಕೆಲಸ ಅಲ್ಲ ಎಂದು ಮಾತ್ರ ಅಲ್ಲಿ ಹೇಳು. ನಿನ್ನನ್ನು ಬಿಟ್ಟರೆ ಆ ಕೋಣೆಯಲ್ಲಿ ಇದು ಗೊತ್ತಿರುವವರು ಯಾರೂ ಇಲ್ಲ. ಅವರು ನನ್ನ ಅಪ್ಪ ಎಂದು ಹೇಳಿಕೊಂಡರೆ ನಿನ್ನ ಮರ್ಯಾದೆ ಹೋಗುವುದಾದರೆ ಹೋಗಲಿ ಮಗಳೇ. ನಿನ್ನ ಕಾಲಿಗೆ ಬೀಳಬೇಕು ಎಂದರೂ ಬೀಳುತ್ತೇನೆ.

ಇಂತಿ ನಿನ್ನವ್ವ
ದುರ್ಗಮ್ಮ

ತಾ.ಕ.: ಈ ಕಾಗದದ ವಿಷಯ ನಿಮ್ಮಪ್ಪನಿಗೆ ಗೊತ್ತಿಲ್ಲ. ಇನ್ನೊಂದನ್ನು ಬರೆಯಬಾರದು ಎಂದುಕೊಂಡಿದ್ದೆ. ನಿನ್ನೆ ಸಂಜೆ ಹುಡುಕಿಕೊಂಡು ಹೋದಾಗ ಅವರ ಚಪ್ಪಲಿ ಹೊಳೆಯ ಮೆಟ್ಟಿಲ ಮೇಲಿತ್ತು. ಅವರು ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದರು. ಕರೆದೆ, ಬಂದರು. ಕಾಲು ತೊಳೆಯಲು ಇಳಿದೆ ಎಂದರು. ಅವರಿಗೆ ಈಜು ಬರುವುದಿಲ್ಲ.


ಶಿವಮೊಗ್ಗ
15 ನವೆಂಬರ್ 2003, ಶನಿವಾರ

ಅವ್ವಾ,

ನಿನ್ನ ಕಾಗದ ಮಂಗಳವಾರ ಕೈಗೆ ಬಂತು. ತಾಜಾ ಕಲಮು ಓದಿದವಳೇ ಕೆಳಗಿಳಿದು ಓನರ್ ಮನೆಯಿಂದ ಯೋಗರಾಜಣ್ಣನಿಗೆ ಫೋನ್ ಮಾಡಿದೆ. ಅವರ ಮನೆಗೆ ಸುಣ್ಣ ಹೊಡೆಸುತ್ತಿದ್ದಾರೆ ಎಂದು ನಾಲ್ಕು ದಿನದಿಂದ ನಮ್ಮ ಜಗಲಿಯಲ್ಲಿ ಮಲಗುತ್ತಿದ್ದಾರಲ್ಲ, ಆ ಸುಣ್ಣ ನಾನು ಹೇಳಿಕೊಟ್ಟ ಸುಳ್ಳು. ಅಪ್ಪನನ್ನು ಒಂಟಿಯಾಗಿ ಎಲ್ಲಿಗೂ ಬಿಡಬೇಡಿ ಎಂದು ಬೇಡಿಕೊಂಡಿದ್ದೆ. ಇವತ್ತು ಆರ್ಮುಗಣ್ಣನನ್ನು ಅಪ್ಪನ ಜೊತೆ ಬಿಟ್ಟು ಅವರು ಇಲ್ಲಿಗೆ ಬಂದಿದ್ದಾರೆ, ಈ ಕಾಗದವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ, ಅಂಚೆಗೆ ಹಾಕಿದರೆ ಸೋಮವಾರದ ತನಕ ಕಾಯಬೇಕು.

ನಿನ್ನೆ ಬೆಂಗಳೂರಿನ ಸಭೆಯಲ್ಲಿ ಮೊದಲು ಮೇಜಿನ ಮೇಲೆ ಬಂದದ್ದೇ ಆ ಫೋಟೋ. ಅಪ್ಪನ ಮುಖ ಕೈಯಿಂದ ಕೈಗೆ ಹೋಗುತ್ತಿತ್ತು. ಯಾರೋ ಒಬ್ಬರು ಈತ ಕಂಪನಿಯ ಗುತ್ತಿಗೆದಾರ ಇರಬೇಕು ಎಂದರು. ನನಗೆ ಕೂರಲು ಆಗಲಿಲ್ಲ. ಎದ್ದು ನಿಂತು, ಇವರು ನನ್ನ ತಂದೆ ಎಂದೆ. ಅವರ ಶೆಡ್ಡಿಗೆ ಕೆಲಸ ಸಿಗಬಹುದು ಎಂದು ಕಮಿಟಿಗೆ ಸೇರುವಾಗಲೇ ಅಧ್ಯಕ್ಷರಿಗೆ ತಿಳಿಸಿದ್ದೆ. ಬೇರೆಯವರಿಗೆ ಗೊತ್ತಿರಲಿಲ್ಲ. ಕೋಣೆಯಲ್ಲಿ ಎಲ್ಲರೂ ನನ್ನನ್ನೇ ನೋಡಿದರು.

ಸೈಕಲ್ ಸ್ಟ್ಯಾಂಡಿನ ಕತೆ ಹೇಳಿದೆ. ಪೈಪು ನಿಲ್ಲಿಸಿದ್ದು, ಕಿತ್ತದ್ದು, ನಾನು ಸ್ಟಾಫ್ ರೂಮಿನಲ್ಲಿ ಅಡಗಿದ್ದು, ಎಲ್ಲವನ್ನೂ. ಒಬ್ಬ ನಿವೃತ್ತ ಅಧಿಕಾರಿ, ಗುಂಡಿ ತೆಗೆದ ಮೇಲೆ ಅದು ಕೆಲಸ ಆರಂಭಿಸಿದಂತೆಯೇ ಅಲ್ಲವೇ ಎಂದು ಕೇಳಿದರು. ನಾನು ಅಲ್ಲಿಯ ತನಕ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು, ನನಗೆ ಗೊತ್ತಿಲ್ಲದೆಯೇ ನಮ್ಮ ಮನೆಯ ಮಾತಿಗೆ ಬಂದಿದ್ದೆ.

“ಪೂಜೆ ಅಂದ್ರೆ ಅಪ್ಪಣೆ ಕೇಳೋದು ಸಾರ್, ಶುರು ಮಾಡೋದಲ್ಲ. ನಾವು ಇಲ್ಲಿ ಕೂತು ಯಾವ ಅಪ್ಪಣೆ ಕೊಡಬೇಕೋ ಬೇಡ್ವೋ ಅಂತ ನೋಡ್ತಿದೀವೋ, ಅದನ್ನೇ ಅವರು ಸಮುದ್ರದ ಹತ್ರ ಕೇಳೋಕೆ ಹೋಗಿದ್ರು.”

ಅವರು ಅದನ್ನು ಹಾಳೆಯ ಮೇಲೆ ಬರೆದುಕೊಂಡರು. ಅಹವಾಲು ಸಭೆ ನಡೆಸಿದ ಅಧಿಕಾರಿಯೂ ಅಲ್ಲಿದ್ದರು. ಪೂಜೆಯ ಮಾರನೇ ದಿನ ದಂಡೆಯಲ್ಲಿ ರಿಂಗೂ ಇರಲಿಲ್ಲ, ಗುಂಡಿಯೂ ಇರಲಿಲ್ಲ, ಒಡೆದ ಕಾಯಿಯ ಚಿಪ್ಪು ಮಾತ್ರ ಇತ್ತು ಎಂದು ಅವರೇ ಹೇಳಿದರು. ಅನುಮತಿಗೆ ಮೊದಲೇ ಕೆಲಸ ಶುರುವಾಯಿತು ಎಂಬ ದೂರನ್ನು ಕಮಿಟಿಯವರು ಕೈಬಿಟ್ಟರು, ಅವ್ವ. ಪೊಲೀಸರಿಗೂ ಹಾಗೆಂದು ಪತ್ರ ಬರೆಯುತ್ತಾರೆ. ಅಪ್ಪ ಮಾಡಿದ್ದರಲ್ಲಿ ತಪ್ಪಿಲ್ಲ ಎಂದು ಸಭೆಯ ನಡಾವಳಿಯಲ್ಲಿ ಬರೆಸಿದ್ದಾರೆ. ಅಷ್ಟಾದ ಮೇಲೆ ಅಧ್ಯಕ್ಷರು, ಇನ್ನು ಮುಂದಿನ ಚರ್ಚೆಯಲ್ಲಿ ನೀವು ಇರುವುದು ಸರಿಯಾಗುವುದಿಲ್ಲ ಎಂದರು. ನಾನು ಹೊರಗಿನ ಬೆಂಚಿನ ಮೇಲೆ ಕೂತೆ.

ಸಂಜೆ ತೀರ್ಮಾನ ಹೇಳಿದರು. ಅನುಮತಿ ಇಲ್ಲ.

ಇದನ್ನು ಬರೆಯಲು ಬೆಳಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ. ಅಪ್ಪನಿಗೆ ಇದನ್ನು ಬಿಡಿಸಿ ಹೇಳಬೇಕು ನೀನು. ಕಾರಣ ಗುದ್ದಲಿ ಅಲ್ಲ, ಫೋಟೋ ಅಲ್ಲ. ಕಂಪನಿ ಕಂಬ ನೆಡಲು ಆರಿಸಿಕೊಂಡದ್ದು ಸಮುದ್ರದೊಳಗಿನ ಒಂದು ದಿಬ್ಬ. ಅಲ್ಲಿ ಆಳ ಕಡಿಮೆ, ಕಂಬಕ್ಕೆ ಅನುಕೂಲ. ಆಳ ಕಡಿಮೆ ಇರುವುದರಿಂದಲೇ ಮೀನುಗಳೂ ಮೊಟ್ಟೆಯಿಡಲು ಅಲ್ಲಿಗೇ ಬರುತ್ತವೆ. ಕಂಬ ಹೊಡೆದು ಇಳಿಸುವಾಗಿನ ಅದುರಾಟಕ್ಕೆ ಅವು ಆ ಜಾಗ ಬಿಟ್ಟುಹೋಗುತ್ತವೆ, ನಿನಗೆ ನೀರು ಕೊಟ್ಟ ಹೆಂಗಸಿನ ಮನೆಯವರಿಗೆ ಆಮೇಲೆ ಬಲೆ ಬೀಸಲು ಏನೂ ಉಳಿಯುವುದಿಲ್ಲ. ಹಾಗೆಂದು ಮೀನಿನ ವರದಿಯಲ್ಲಿತ್ತು. ಬೇರೆ ಕಡೆ ಆಳದಲ್ಲಿ ನೆಡಿ ಎಂದು ಕಮಿಟಿ ಹೇಳಿದರೆ ಕಂಪನಿಯವರು ಆಗುವುದಿಲ್ಲ ಎಂದು ಎದ್ದುಹೋದರಂತೆ.

ಅಪ್ಪ ಪೂಜೆ ಮಾಡದೇ ಇದ್ದಿದ್ದರೂ ಹೀಗೇ ಆಗುತ್ತಿತ್ತು. ಆರ್ಮುಗಣ್ಣನ ಎದುರಿಗೂ, ಎಲ್ಲರ ಎದುರಿಗೂ ಇದನ್ನು ಹೇಳಿಸು. ಇನ್ನು ಶೆಡ್ಡಿನ ಗತಿ ಏನು ಎನ್ನುವುದೊಂದು ಉಳಿದಿದೆ. ನಿನ್ನೆಯಿಂದ ಬೇರೆ ಏನನ್ನೂ ಯೋಚಿಸಲು ಆಗುತ್ತಿಲ್ಲ. ನಾನು ಬರುವ ತನಕ ಮಿಷನ್ನನ್ನು ಗುಜರಿಗೆ ಹಾಕಬೇಡಿ ಎಂದು ಹೇಳು.

ನಿನ್ನ ಮಗಳು
ಸಮತಾ

ತಾ.ಕ.: ಮೀನಿನ ವರದಿ ಯಾರದು ಎಂದು ನೀನು ಆಗಲೇ ತಿಳಿದುಕೊಂಡಿರುತ್ತೀಯ. ಆ ಕಮಿಟಿಯಲ್ಲಿ ಮೀನಿನ ವಿಷಯ ಓದಿದವಳು ನಾನೊಬ್ಬಳೇ. ಗೌರಿ ಹಬ್ಬಕ್ಕೆ ಮೊದಲೇ ಬರೆದು ಕೊಟ್ಟಿದ್ದೆ. ಮನೆಗೆ ಹೋಗಬೇಡಿ ಎಂದು ಅಧ್ಯಕ್ಷರು ನನಗೆ ಯಾವತ್ತೂ ಹೇಳಿರಲಿಲ್ಲ ಅವ್ವ. ಮನೆಗೆ ಬಂದರೆ ರಿಂಗಿನ ಮಾತು ಆಡುತ್ತಾ ಆಡುತ್ತಾ ಅಪ್ಪ ನನ್ನ ತಟ್ಟೆಗೆ ಬಡಿಸುತ್ತಾರೆ, ಅದನ್ನು ತಿನ್ನುವ ಶಕ್ತಿ ನನಗಿರಲಿಲ್ಲ. ಇದಿಷ್ಟನ್ನೂ ಅವರಿಗೆ ಓದಿ ಹೇಳು, ಆದರೆ ಅವರ ಊಟ ಆದ ಮೇಲೆ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಅವರು ಬೇಡ ಎಂದರೆ ನೀನು ಬಾಗಿಲಿಗೆ ಬಂದು ಹೇಳು, ಚಪ್ಪಲಿ ಬಿಡದೇ ಕಾಯುತ್ತಿರುತ್ತೇನೆ.